ಮದುಮಗಳಿಗೆ ಎಲೆ ಕಳಿಸಿದ ಬಾಲ್ಕನಿಗಳು

ಅಲಿಯಬ್ಬರಿಗೆ ತಮ್ಮ ಐವತ್ತೆರಡು ವರ್ಷದ ಬದುಕಿನಲ್ಲಿ ಎರಡು ವಿದ್ಯೆ ಚೆನ್ನಾಗಿ ಕೈಹತ್ತಿದ್ದವು. ಏಸಿಯೊಳಗೆ ಗ್ಯಾಸ್ ಇದೆಯೋ ಖಾಲಿಯೋ ಎಂಬುದನ್ನು ಪೈಪಿನ ಮೇಲೆ ಬೆರಳಿಟ್ಟೇ ಹೇಳುವುದು ಒಂದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳದಿರುವುದು ಇನ್ನೊಂದು. ಮೊದಲನೆಯದು ಅವರಿಗೆ ಕತಾರಿನಲ್ಲಿ ಇಪ್ಪತ್ತಾರು ವರ್ಷ ಅನ್ನ ಕೊಟ್ಟಿತು. ಎರಡನೆಯದು ಕಳೆದ ಅಕ್ಟೋಬರಿನಲ್ಲಿ ಒಂದು ಮಂಗನನ್ನು ಕೊಟ್ಟಿತು.

ಆದದ್ದು ಹೀಗೆ. ದೋಹಾದ ಬಿನ್ ಒಮ್ರಾನಿನಲ್ಲಿ ಅಲಿಯಬ್ಬರು ಕೆಲಸ ಮಾಡುವ ಏಸಿ ರಿಪೇರಿ ಅಂಗಡಿಯ ಅರ್ಬಾಬ್, ಅಂದರೆ ಧಣಿ, ವಯಸ್ಸಾದ ಅರಬರು. ಅಲ್ ಖೋರಿನ ಹೊರಗೆ ಅವರದೊಂದು ತೋಟವಿದೆ. ತೋಟವೆಂದರೆ ಖರ್ಜೂರದ ಮರ, ಒಂಟೆ, ಜಿಂಕೆ, ನಾಲ್ಕು ನವಿಲು. ಯಾವನೋ ಶೋಕಿದಾರ ಫೋನಿನಲ್ಲಿ ಕದ್ದುಮುಚ್ಚಿ ತರಿಸಿಕೊಂಡಿದ್ದ ಮಂಗನೊಂದನ್ನು ಅಧಿಕಾರಿಗಳು ಅವನ ಫ್ಲ್ಯಾಟಿನಿಂದ ಹಿಡಿದಿದ್ದರು. ಅದನ್ನು ಅದರ ದೇಶಕ್ಕೆ ವಾಪಸು ಕಳಿಸುವ ಕಾಗದಪತ್ರ ಆಗಲು ಆರು ವಾರ ಬೇಕು. ಅಲ್ಲಿಯತನಕ ನಿಮ್ಮ ತೋಟದಲ್ಲಿ ಇರಲಿ ಎಂದು ಕೇಳಿದಾಗ ಅರ್ಬಾಬ್ ಒಪ್ಪಿಕೊಂಡರು. ಖಾಲಿ ಇದ್ದ ಕೋಣೆಯೊಂದಕ್ಕೆ ಏಸಿ ಕೂರಿಸಲು ಅಲಿಯಬ್ಬರನ್ನು ಕರೆಸಿದರು.

ಏಸಿ ಕೂರಿಸಿ, ಕೈ ಒರೆಸಿಕೊಳ್ಳುತ್ತಿದ್ದಾಗ ಅರ್ಬಾಬ್ ಕೇಳಿದರು, "ಅಲಿ, ನಿನ್ನ ಊರಿನಲ್ಲಿ ಮಂಗಗಳಿವೆಯಾ?"

"ಬೇಕಾದಷ್ಟು ಉಂಟು ಅರ್ಬಾಬ್. ಹಂಚಿನ ಮೇಲೇ ಇರುತ್ತವೆ. ನಾವು ಅವುಗಳ ಜೊತೆಯೇ ಬೆಳೆದದ್ದು."

ಪಾಣೆಮಂಗಳೂರಿನ ಆ ಹಂಚಿನ ಮನೆಯಲ್ಲಿ ಅಲಿಯಬ್ಬರಿಗೂ ಮಂಗಗಳಿಗೂ ಇದ್ದ ಸಂಬಂಧವೆಂದರೆ ಅವು ಎಳನೀರು ಕದಿಯುವುದು, ಇವರು ಕಲ್ಲು ಬೀಸುವುದು, ಆ ಕಲ್ಲು ಬಿದ್ದು ಹಂಚು ಒಡೆಯುವುದು, ಆಮೇಲೆ ಇವರಿಗೆ ಉಪ್ಪನಿಂದ, ಅಂದರೆ ಅಪ್ಪನಿಂದ, ಪೆಟ್ಟು ಬೀಳುವುದು. ಅದನ್ನೆಲ್ಲ ಹೇಳುವಷ್ಟು ಅರಬಿ ಅವರಿಗೆ ಬರುತ್ತಿರಲಿಲ್ಲ. ಅವರದು ಏಸಿ ಅರಬಿ: ಗ್ಯಾಸ್ ಮಾಫಿ, ಅಂದರೆ ಗ್ಯಾಸ್ ಇಲ್ಲ; ನಾಳೆ ಬರ್ತೇನೆ; ಖಲಾಸ್.

"ಹಾಗಾದರೆ ಆರು ವಾರ ಇಲ್ಲೇ ಇದ್ದು ನೀನೇ ನೋಡಿಕೋ. ಇಲ್ಲಿಯವರು ಒಂಟೆ ನೋಡುವವರು, ಅವರಿಗೆ ಮಂಗ ಗೊತ್ತಿಲ್ಲ," ಎಂದರು ಅರ್ಬಾಬ್. ಹೀಗೆ ಅಲಿಯಬ್ಬರು ಮಂಗಗಳ ಪಂಡಿತರಾದರು.

ಮಂಗ ನೋಡಿದರೆ ಊರಿನ ಮಂಗದ ಹಾಗಿರಲಿಲ್ಲ. ಕಪ್ಪು ಮೈ, ಪಕ್ಕೆಯ ಎರಡೂ ಕಡೆ ಹೊನ್ನಿನ ಬಣ್ಣದ ಉದ್ದ ಕೂದಲು, ಹೆಗಲ ಮೇಲೆ ಜರಿಯ ಶಾಲು ಹೊದ್ದ ಹಾಗೆ. ಹೆಣ್ಣು, ಇನ್ನೂ ಚಿಕ್ಕ ಪ್ರಾಯ. ಅಮೆರಿಕ ಖಂಡದ ನಡುಸೊಂಟದಲ್ಲಿ, ಪನಾಮಾ, ಕೋಸ್ಟರಿಕಾ ಅಂತ ಸಣ್ಣಸಣ್ಣ ದೇಶಗಳಿವೆ, ಅಲ್ಲಿನ ಕಾಡಿನ ಜೀವ. ಹೌಲರ್ ಎಂದು ಹೆಸರು. ಬೆಳಗಾಗುವಾಗ ಮರದ ತುದಿಯಲ್ಲಿ ಕೂತು ಊಳಿಟ್ಟರೆ ಮೈಲಿಗಟ್ಟಲೆ ಕೇಳುತ್ತದಂತೆ. ಇವಳು ಮಾತ್ರ ಬಂದಲ್ಲಿಂದ ಕಮಕ್ ಕಿಮಕ್ ಎನ್ನದೆ, ಮೂಲೆಯಲ್ಲಿ ಬಾಲವನ್ನು ಮುಖಕ್ಕೆ ಸುತ್ತಿಕೊಂಡು ಕುಳಿತಿದ್ದಳು.

ಆ ರಾತ್ರಿಯ ಊಟಕ್ಕೆ ಮೊದಲು ದೋಹಾದ ಮನೆಯಲ್ಲಿದ್ದ ಹೆಂಡತಿ ಖೈರುನ್ನಿಸಾಗೆ ಫೋನ್ ಮಾಡಿ ವರ್ಣಿಸಿದಾಗ ಅವಳು, "ಪಾಪ, ಹೊಸ ಮನೆಗೆ ಬಂದ ಮದುಮಗಳಲ್ವಾ, ನಾಚಿಕೆ ಇರ್ತದೆ. ನೀವು ಮೇಲೆಮೇಲೆ ಹೋಗಿ ನಿಲ್ಲಬೇಡಿ," ಎಂದಳು. ಅಂದಿನಿಂದ ಅದರ ಹೆಸರು ಮದುಮಗಳು.

ಮದುಮಗಳು ಮನೆಗೆ ಬಂದಾಗ ಕರಾವಳಿಯ ಬ್ಯಾರಿ ಮುಸ್ಲಿಮನೊಬ್ಬ ಏನು ಮಾಡುತ್ತಾನೋ ಅಲಿಯಬ್ಬರು ಅದನ್ನೇ ಮಾಡಿದರು. ಬಾಯಿ ಸಿಹಿ ಮಾಡಿಸಿದರು. ಮೊದಲು ಬಾಳೆಹಣ್ಣು. ಆಮೇಲೆ ತೋಟದ ಖರ್ಜೂರ. ಅವಳು ಒಂದು ತಿಂದದ್ದೇ ಸಂತೋಷವಾಗಿ, ದ್ರಾಕ್ಷಿ, ಮಾವು, ಕಡೆಗೆ ಖೈರುನ್ನಿಸಾ ಕಟ್ಟಿಕೊಟ್ಟಿದ್ದ ನೇಂದ್ರಬಾಳೆಯ ಚಿಪ್ಸ್ ಕೂಡ ಮುಂದಿಟ್ಟರು. ಅತಿಥಿ ಬೇಡವೆಂದರೂ ಬಡಿಸುವುದು ಮರ್ಯಾದೆ ಎಂದು ಕಲಿತು ಬೆಳೆದವರು ಅವರು. ಏಸಿಯಂತೂ ಹದಿನೆಂಟು ಡಿಗ್ರಿಗೆ ಇಟ್ಟರು. ಅವರ ಲೆಕ್ಕದಲ್ಲಿ ಹದಿನೆಂಟೆಂದರೆ ದೊಡ್ಡವರಿಗೆ ಕೊಡುವ ಗೌರವ, ಇಪ್ಪತ್ತನಾಲ್ಕೆಂದರೆ ಬ್ಯಾಚುಲರ್ ರೂಮು.

ಎಂಟನೆಯ ದಿನ ಡಾಕ್ಟರ್ ಲೈಲಾ ಬಂದರು. ಅಧಿಕಾರಿಗಳು ಮಂಗನ ಜವಾಬ್ದಾರಿ ವಹಿಸಿದ್ದ ಜೋರ್ಡಾನಿನ ಪಶುವೈದ್ಯೆ, ಮಾತು ಕಡಿಮೆ, ಹುಬ್ಬು ಜಾಸ್ತಿ. ಕೋಣೆಯೊಳಗೆ ಕಾಲಿಟ್ಟು, ಉಬ್ಬಿದ ಹೊಟ್ಟೆಯನ್ನು, ನೆಲದ ಮೇಲಿನ ಚಿಪ್ಸನ್ನು, ಹದಿನೆಂಟನ್ನು ನೋಡಿದರು.

"ಇವಳನ್ನು ಯಾರು ಕೊಲ್ಲುತ್ತಿದ್ದಾರೆ?" ಎಂದು ಕೇಳಿದರು.

ಗೊತ್ತಿಲ್ಲ ಎಂದು ಹೇಳಲು ಅಲಿಯಬ್ಬರಿಗೆ ಮೊದಲ ಬಾರಿಗೆ ಮನಸ್ಸಾಯಿತು. "ನಾನೇ," ಎಂದರು.

ಡಾಕ್ಟರು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. ನೆಲದ ಮೇಲೆ ಕುಳಿತು, ಮಗುವಿಗೆ ಹೇಳುವಂತೆ ಹೇಳಿದರು. ಈ ಜಾತಿಯ ಮಂಗ ಮುಖ್ಯವಾಗಿ ಬದುಕುವುದು ಎಲೆಯ ಮೇಲೆ. ಅದೂ ಎಳೆಯ ಚಿಗುರು, ಕೊಂಬೆಯ ಮೇಲೇ ಇರಬೇಕು, ಬಾಲದಲ್ಲಿ ಜೋತುಬಿದ್ದು ತಾನೇ ಆರಿಸಿ ತಿನ್ನಬೇಕು. ಸಿಹಿ ಜಾಸ್ತಿಯಾದರೆ ಹೊಟ್ಟೆಯೊಳಗೆ ಎಲ್ಲ ಕೊಳೆಯುತ್ತದೆ. ಆದ್ದರಿಂದಲೇ ಎಷ್ಟೋ ದೊಡ್ಡ ಮೃಗಾಲಯಗಳೂ ಇದನ್ನು ಸಾಕಲು ಹೆದರುತ್ತವೆ. ಕೋಣೆ ಇಪ್ಪತ್ತೇಳು ಡಿಗ್ರಿ ಇರಬೇಕು, ಗಾಳಿಯಲ್ಲಿ ಪಸೆ ಇರಬೇಕು.

ಆಮೇಲೆ ತೂಕ. ಮದುಮಗಳು ತಕ್ಕಡಿಯ ಮೇಲೆ ಕೂರಲೊಲ್ಲಳು, ಆದರೆ ಅಲಿಯಬ್ಬರ ತೋಳಿಗೆ ಬಾಲ ಸುತ್ತಿಕೊಂಡಿದ್ದಳು. ಆದ್ದರಿಂದ ಅವರನ್ನೇ ತಕ್ಕಡಿ ಹತ್ತಿಸಿ, ಆಮೇಲೆ ಅವರೊಬ್ಬರನ್ನೇ ನಿಲ್ಲಿಸಿ ಕಳೆಯಬೇಕಾಯಿತು. ಹೀಗೆ ಅಲಿಯಬ್ಬರ ತೂಕ ತೊಂಬತ್ತೊಂದು ಕಿಲೋ ಎಂಬ ಗುಟ್ಟು ಒಂಟೆ ನೋಡುವವರ ಎದುರೇ ಹೊರಬಿತ್ತು. ಮದುಮಗಳದು ಮೂರೂವರೆ. ಬರುವಾಗ ಮೂರು ಕಿಲೋ ಒಂಬೈನೂರು ಇದ್ದಳು.

"ನಾಲ್ಕು ಕಿಲೋ ಆಗದೆ ನಾನು ವಿಮಾನ ಹತ್ತಿಸುವುದಿಲ್ಲ. ದಾರಿಯಲ್ಲೇ ಹೋಗುತ್ತಾಳೆ. ಐದು ವಾರ ಇದೆ," ಎಂದರು ಡಾಕ್ಟರು. ಬಾಗಿಲಲ್ಲಿ ನಿಂತು ಸೇರಿಸಿದರು, "ರಸ್ತೆ ಬದಿಯ ಮರದ ಎಲೆ ಬೇಡ. ಮದ್ದು ಹೊಡೆದಿರುತ್ತಾರೆ."

ಅವರು ಹೋದ ಮೇಲೆ ಅಲಿಯಬ್ಬರು ಕುರ್ಚಿ ಹತ್ತಿ ಏಸಿ ಆರಿಸಿದರು. ಕೆಟ್ಟುಹೋಗದ ಏಸಿಯೊಂದನ್ನು ತಾವೇ ಆರಿಸಿದ್ದು ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ಗೋಣಿಚೀಲಗಳನ್ನು ಒದ್ದೆ ಮಾಡಿ ಗೋಡೆಗೆ ನೇತುಹಾಕಿದರು. ಬೆವರು ಕಿತ್ತುಕೊಂಡು ಬಂತು. ಜೂನ್ ತಿಂಗಳ ಪಾಣೆಮಂಗಳೂರಿನ ಹಾಗೆ ಒಂದು ವಾಸನೆಯೂ ಬಂತು. ಮದುಮಗಳು ಮುಖದ ಮೇಲಿನ ಬಾಲ ಸ್ವಲ್ಪ ಸರಿಸಿದಳು.

ಆದರೆ ಎಲೆ? ತೋಟದಲ್ಲಿದ್ದದ್ದು ಒಂಟೆಯ ಹಸಿಮೇವು. ಅವಳು ಮೂಸಿ ಬಿಟ್ಟಳು. ಅಂಗಡಿಯಿಂದ ಪಾಲಕ್ ತಂದರು, ಕಟ್ಟನ್ನು ಬಿಚ್ಚಿ ಅವರ ತಲೆಯ ಮೇಲೇ ಹಾಕಿದಳು. ಎರಡು ದಿನ ಅವಳೂ ಉಪವಾಸ, ಅಲಿಯಬ್ಬರೂ ಹೆಚ್ಚುಕಡಿಮೆ ಉಪವಾಸ. ಫೋನಿನಲ್ಲಿ ಅವರ ದನಿ ಕೇಳಿ ಖೈರುನ್ನಿಸಾಗೆ ಗಾಬರಿಯಾಯಿತು.

"ಎಂತ ಆಯ್ತು? ಶುಗರ್ ಏರಿತಾ?"

"ಶುಗರ್ ಅಲ್ಲ. ಮಂಗ ಸಾಯ್ತದೆ ಮಾರಾಯ್ತಿ. ನನ್ನ ಕೈಯಲ್ಲೇ ಸಾಯ್ತದೆ. ಈ ಮರುಭೂಮಿಯಲ್ಲಿ ಮದ್ದು ಹೊಡೆಯದ ಹಸಿ ಚಿಗುರು ಎಲ್ಲಿಂದ ತರುವುದು?"

ಖೈರುನ್ನಿಸಾ ಹೇಳಿದಳು, "ನಮ್ಮ ಬಾಲ್ಕನಿಯಲ್ಲಿ ದಾಸವಾಳ ಉಂಟು, ನುಗ್ಗೆ ಉಂಟು. ನಿಮ್ಮ ಕಣ್ಣಿಗೆ ಎಲ್ಲಿ ಬೀಳ್ತದೆ."

ಬಿದ್ದಿತ್ತು. ಬಿನ್ ಮಹಮೂದ್ ಬಡಾವಣೆಯ ಅವರ ಎರಡು ಕೋಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದಂತೆ ಬಕೆಟ್ಟು, ಎಣ್ಣೆ ಡಬ್ಬಿ, ಒಡೆದ ಟಬ್ಬುಗಳಲ್ಲಿ ಅವಳು ಎಬ್ಬಿಸಿದ್ದ ಆ ಗಿಡಗಳನ್ನು ಅಲಿಯಬ್ಬರು 'ಖೈರುನ್ನಿಸಾ ಬೇಗಂ ರಿಸರ್ವ್ ಫಾರೆಸ್ಟ್' ಎಂದು ನೆಂಟರಿಗೆ ತೋರಿಸಿ ನಗುತ್ತಿದ್ದರು. ಒಮ್ಮೆಯಂತೂ ಒಳಚಡ್ಡಿಯೊಂದು ನುಗ್ಗೆಗಿಡದಲ್ಲಿ ಸಿಕ್ಕಿಹಾಕಿಕೊಂಡ ಸಿಟ್ಟಿಗೆ, ಇದನ್ನೆಲ್ಲ ಕೆಳಗೆ ಎಸೆಯುತ್ತೇನೆ ಎಂದಿದ್ದರು.

"ಕಳಿಸುತ್ತೀಯಾ?" ಎಂದು ಈಗ ಸಣ್ಣ ದನಿಯಲ್ಲಿ ಕೇಳಿದರು.

ಕಳಿಸುವ ದಾರಿ ದೂಮಪ್ಪ. ದೂಮಪ್ಪ ಅದೇ ಕಟ್ಟಡದ ಕೆಳಮಾಳಿಗೆಯಲ್ಲಿದ್ದ ತುಳುವ, ಕಂಪನಿ ಬಸ್ಸಿನ ಡ್ರೈವರ್. ಬೆಳಿಗ್ಗೆ ದೋಹಾದಿಂದ ಹೊರಟು, ಅಲ್ ಖೋರಿನಲ್ಲಿ ಇನ್ನಷ್ಟು ಜನ ಹತ್ತಿಸಿಕೊಂಡು ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ತೋಟದ ಹತ್ತಿರದ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಒದ್ದೆ ಬಟ್ಟೆ ಸುತ್ತಿದ ಕೊಂಬೆಗಳನ್ನು ಕಿಟಕಿಯಿಂದಲೇ ಕೊಟ್ಟ.

"ಏನು ಬ್ಯಾರಿಗಳೇ, ಆಡು ಸಾಕಿದ್ದೀರಾ?"

"ಮಂಗ."

"ಅದನ್ನು ಸಾಕಲಿಕ್ಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಊರಿನವರು ಅದನ್ನು ಓಡಿಸಲಿಕ್ಕೆ ಪಟಾಕಿ ತರ್ತಾರೆ," ಎಂದು ದೂಮಪ್ಪ ಗೇರು ಹಾಕಿದ.

ಅಲಿಯಬ್ಬರು ಕೊಂಬೆಗಳನ್ನು ಛಾವಣಿಯ ಕಂಬಿಗೆ ಕಟ್ಟಿ, ಹೊರಗೆ ಬಂದು, ಬಾಗಿಲಿನ ಗಾಜಿನಿಂದ ಇಣುಕಿದರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಕಪ್ಪು ಕೈಯೊಂದು ನಿಧಾನಕ್ಕೆ ಮೇಲೆ ಹೋಯಿತು. ಬಾಲ ಕಂಬಿಗೆ ಸುತ್ತಿಕೊಂಡಿತು. ಮದುಮಗಳು ತಲೆಕೆಳಗಾಗಿ ಜೋತು, ದಾಸವಾಳದ ಎಳೆಯ ಎಲೆಯೊಂದನ್ನು ಕಿತ್ತು, ಮೂಸಿ, ಬಾಯಿಗೆ ಹಾಕಿಕೊಂಡಳು. ಇನ್ನೊಂದು. ಬಲಿತ ಎಲೆಯನ್ನು ಮುಟ್ಟಲಿಲ್ಲ. ನುಗ್ಗೆಯ ತುದಿಚಿಗುರನ್ನು ತರಕಾರಿ ಅಂಗಡಿಯಲ್ಲಿ ಖೈರುನ್ನಿಸಾ ಬೆಂಡೆಕಾಯಿ ಮುರಿದು ನೋಡುವ ಗತ್ತಿನಲ್ಲೇ ಮುರಿದು ನೋಡಿದಳು.

ಅಲಿಯಬ್ಬರು ಬಾಗಿಲಿಗೆ ಒರಗಿ ಅಲ್ಲೇ ಕೂತುಬಿಟ್ಟರು. ಅಲ್ಹಮ್ದುಲಿಲ್ಲಾ ಎಂಬ ಮಾತು ದಿನಕ್ಕೆ ನೂರು ಸಲ ಅವರ ಬಾಯಿಯಿಂದ ಬರುತ್ತಿತ್ತು, ಚಾ ಕುಡಿದ ಮೇಲೆ, ಸೀನಿದ ಮೇಲೆ. ಆ ದಿನ ಅದನ್ನು ನಿಧಾನಕ್ಕೆ, ಅರ್ಥ ನೋಡಿಕೊಂಡು ಹೇಳಿದರು.

ತೊಂದರೆಯೇನೆಂದರೆ ಖೈರುನ್ನಿಸಾ ಬೇಗಂ ರಿಸರ್ವ್ ಫಾರೆಸ್ಟ್ ನಾಲ್ಕೇ ದಿನಕ್ಕೆ ಬೋಳಾಯಿತು. ಹತ್ತನೇ ಕ್ಲಾಸಿನಲ್ಲಿದ್ದ ಮಗಳು ನಹ್ಲಾ ಆಗ ತನ್ನ ಉಮ್ಮನ ಮಾತನ್ನು ಕೇಳಿಕೊಂಡು, ದೋಹಾದಲ್ಲಿರುವ ಊರಿನ ಹೆಂಗಸರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬರೆದಳು. ನಹ್ಲಾಳ ಕನ್ನಡವೆಂದರೆ ಶಾಲೆಯ ಹೊರಗೆ ಕಲಿತದ್ದು. "ನನ್ನ ಉಪ್ಪ ಒಂದು ಮಂಗ ಇಟ್ಟಿದ್ದಾರೆ. ಅವರು ಎಲೆ ತಿಂದರೆ ಬದುಕುತ್ತಾರೆ. ನಿಮ್ಮ ಬಾಲ್ಕನಿಯಿಂದ ದಯವಿಟ್ಟು ಕೊಡಿ," ಎಂದಿತ್ತು. ಎಲೆ ತಿಂದು ಬದುಕುವವರು ಮಂಗನೋ ಉಪ್ಪನೋ ಎಂದು ಗುಂಪಿನಲ್ಲಿ ಒಂದು ದಿನ ಚರ್ಚೆ ನಡೆಯಿತು. ಆದರೂ ಮರುದಿನದಿಂದ ಎಲೆ ಬರತೊಡಗಿತು.

ಬಿನ್ ಮಹಮೂದಿನಿಂದ ಬಂತು, ಬಿನ್ ಒಮ್ರಾನಿನಿಂದ ಬಂತು. ದಾಸವಾಳ, ನುಗ್ಗೆ, ಯಾರದೋ ಬಕೆಟ್ಟಿನಲ್ಲಿ ಎದ್ದಿದ್ದ ಹಿಪ್ಪುನೇರಳೆ. ಬಸಳೆಯೂ ಬಂತು, ಕರಿಬೇವೂ ಬಂತು. ಕರಾವಳಿಯವರ ಪ್ರಾಣವಾದ ಬಸಳೆಯನ್ನು ಮದುಮಗಳು ಮೂಸಿ ನೆಲಕ್ಕೆಸೆದದ್ದು ಗುಂಪಿನಲ್ಲಿ ಕೆಲವರಿಗೆ ಬೇಸರ ತಂದಿತು. ಅದನ್ನು ಅಲಿಯಬ್ಬರೇ ಬೇಯಿಸಿಕೊಂಡು ತಿಂದರು. ಬಸ್ಸಿನಲ್ಲಿ ಒಬ್ಬ ಇಂಜಿನಿಯರು ಎಲೆಯ ಚೀಲದ ಬಗ್ಗೆ ತಕರಾರು ತೆಗೆದಾಗ ದೂಮಪ್ಪ ಕಂಪನಿಯ ಸಾರಿಗೆ ಸಾಹೇಬರಲ್ಲಿಗೆ ಹೋಗಿ ವಿಷಯ ತಿಳಿಸಿದ. ಅಂದಿನಿಂದ ಪ್ರಯಾಣಿಕರ ಪಟ್ಟಿಯಲ್ಲಿ ಇಂಜಿನಿಯರನ ಹೆಸರಿನ ಕೆಳಗೆ 'ಎಲೆ, ಚೀಲ ಒಂದು' ಎಂದು ಅಚ್ಚಾಗಿ ಬಂತು. ಚೀಲಕ್ಕೆ ಕಿಟಕಿಯ ಪಕ್ಕದ ಸೀಟು.

ಇಷ್ಟೊಂದು ಮನೆಗಳವರು ಯಾಕೆ ಕೊಡುತ್ತಿದ್ದಾರೆ ಎಂಬುದು ಅಲಿಯಬ್ಬರಿಗೆ ಅರ್ಥವಾಗಲಿಲ್ಲ. ಇವರಲ್ಲಿ ಅರ್ಧ ಜನರ ಹೆಸರೂ ಅವರಿಗೆ ನೆನಪಿರಲಿಲ್ಲ. ಶುಕ್ರವಾರ ರಜೆಗೆ ದೋಹಾಕ್ಕೆ ಬಂದವರು, ನಮಾಜು ಮುಗಿಸಿ, ಎಲೆ ತೆಗೆದುಕೊಳ್ಳಲು ತಾವೇ ಬಿನ್ ಒಮ್ರಾನಿನ ಸಾಲಿಹಾದರ ಮನೆಗೆ ಹೋದರು. ಸಾಲಿಹಾದ, ಅಂದರೆ ಸಾಲಿಹಾ ಅಕ್ಕ, ಖೈರುನ್ನಿಸಾಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾಲ್ಕನೇ ಮಾಳಿಗೆಯಲ್ಲಿ ಮೂವತ್ತು ವರ್ಷದಿಂದ ಇದ್ದವರು.

"ಉಪಕಾರ ಎಂತದು ಅಲಿಯಬ್ಬಾಕ? ನಿಮ್ಮದೇ ನೀರಲ್ಲವಾ?" ಎಂದರು ಸಾಲಿಹಾದ.

"ನನ್ನ ನೀರಾ?"

ಅವರು ಬಾಲ್ಕನಿಗೆ ಕರೆದುಕೊಂಡು ಹೋಗಿ ತೋರಿಸಿದರು. ಏಸಿಯಿಂದ ಹೊರಟ ಬಿಳಿಯ ಪೈಪು ಬಾಲ್ಕನಿಯ ಗೋಡೆ ಹಿಡಿದು ಬಂದು, ದೊಡ್ಡ ಟಬ್ಬಿನ ದಾಸವಾಳದ ಬುಡದಲ್ಲಿ ಬಾಯಿ ಬಿಟ್ಟಿತ್ತು. ಟಪ್ ಟಪ್ ಎಂದು ನೀರು ಬೀಳುತ್ತಿತ್ತು. "ಹದಿನಾಲ್ಕು ವರ್ಷದ ಹಿಂದೆ ನೀವೇ ಹಾಕಿದ್ದು. ಈ ಗಿಡಕ್ಕೆ ನಾನು ಒಂದು ದಿನ ನೀರು ಹಾಕಲಿಲ್ಲ. ಊರಿಗೆ ಎರಡು ತಿಂಗಳು ಹೋದರೂ ಸಾಯಲಿಲ್ಲ. ಎಲೆ ಕೊಟ್ಟವರ ಮನೆಗೆಲ್ಲ ಹೋಗಿ ನೋಡಿ, ನಿಮ್ಮದೇ ಪೈಪು. ಎಷ್ಟು ಹೆಂಗಸರು ನಿಮಗೆ ದುವಾ ಮಾಡಿದ್ದಾರೆ ಗೊತ್ತುಂಟಾ? ಗಿಡದ ವಿಷಯ ತಿಳಿದ ಮನುಷ್ಯ ಅಂತ."

ಅಲಿಯಬ್ಬರ ಕಿವಿ ಬಿಸಿಯಾಯಿತು. ಆ ಪೈಪಿನ ಹಿಂದಿನ ನಿಜ ಅವರೊಬ್ಬರಿಗೇ ಗೊತ್ತು. ಏಸಿಯ ನೀರಿನ ಪೈಪನ್ನು ನ್ಯಾಯವಾಗಿ ಕಟ್ಟಡದ ಹೊರಗೋಡೆಯಲ್ಲಿ ನಾಲ್ಕು ಮಾಳಿಗೆ ಇಳಿಸಿ ಚರಂಡಿಗೆ ಸೇರಿಸಬೇಕು. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ, ಹಗ್ಗ ಕಟ್ಟಿಕೊಂಡು, ಒಂದೊಂದು ಕ್ಲಾಂಪಿಗೂ ಗೋಡೆ ಕೊರೆದು. ಅಲಿಯಬ್ಬರು ಬಾಲ್ಕನಿಯಲ್ಲಿ ಹೂಕುಂಡ ಕಂಡರೆ ಸಾಕು, ಪೈಪನ್ನು ಅದರೊಳಗೆ ತೂರಿಸಿ, "ಗಿಡಕ್ಕೂ ಆಯ್ತು, ಒಳ್ಳೆಯದು" ಎಂದು ಹೇಳಿ, ಚಾ ಕುಡಿದು ಬಂದುಬಿಡುತ್ತಿದ್ದರು. ಬರೀ ಸೋಮಾರಿತನ. ಹೆಂಗಸರು ಅದಕ್ಕೆ ಇಪ್ಪತ್ತು ವರ್ಷ ದುವಾ ಮಾಡಿದ್ದರು.

ಅವರಿಗೆ ತಡೆಯಲಾಗಲಿಲ್ಲ. "ಸಾಲಿಹಾದ, ಒಂದು ಮಾತು. ಗಿಡಕ್ಕಾಗಿ ಹಾಕಿದ್ದಲ್ಲ ಅದು. ಕೆಳಗಿನವರೆಗೆ ಪೈಪು ಇಳಿಸಲು ನನಗೆ ಉದಾಸೀನ."

ಸಾಲಿಹಾದ ಕತ್ತರಿ ಹಿಡಿದು ಚಿಗುರು ಕತ್ತರಿಸುತ್ತಲೇ ಇದ್ದರು. "ಗೊತ್ತುಂಟು. ಆವತ್ತೇ ಗೊತ್ತಿತ್ತು. ನೀವು ಕೆಳಗೆ ಬಗ್ಗಿ ನೋಡಿ 'ಯಾ ಅಲ್ಲಾ' ಅಂದದ್ದು ಅಡುಗೆಮನೆಗೆ ಕೇಳಿತ್ತು. ಆದರೆ ಗಿಡಕ್ಕೆ ಎಂತ ಗೊತ್ತು, ಅದು ಕುಡಿಯಿತು, ಬೆಳೆಯಿತು. ಹಿಡಿಯಿರಿ ಈ ಚೀಲ."

ಅಲಿಯಬ್ಬರು ಮೆಟ್ಟಿಲಿಳಿದು ಬರುವಾಗ ಎಲೆಯ ಚೀಲವನ್ನು ಎದೆಗೆ ಹಿಡಿದುಕೊಂಡಿದ್ದರು. ತನ್ನ ಸೋಮಾರಿತನವನ್ನು ಕೂಡ ದೇವರು ಹಾಳುಮಾಡದೆ ಎಲ್ಲೋ ತೆಗೆದಿಟ್ಟಿದ್ದನಲ್ಲ ಎಂದು ಅವರಿಗೆ ಅನಿಸಿತು. ಹಾಗೆ ಅನಿಸಿದ್ದನ್ನು ಯಾರಿಗೂ ಹೇಳಲಿಲ್ಲ, ಸೋಮಾರಿಗಳಿಗೆ ಧೈರ್ಯ ಬಂದೀತು ಎಂದು.

ಮೂರನೆಯ ವಾರ ಮದುಮಗಳು ಮೂರು ಕಿಲೋ ಏಳುನೂರು. ನಾಲ್ಕನೆಯ ವಾರವೂ ಅಷ್ಟೇ. ಡಾಕ್ಟರ ಹುಬ್ಬು ಇಳಿಯಲಿಲ್ಲ. "ಇನ್ನೂ ಒಂದು ಸಲವೂ ಕೂಗಿಲ್ಲವಾ?" ಎಂದು ಕೇಳಿದರು. ಇಲ್ಲ. "ಬೆಳಗ್ಗೆ ಕೂಗಿದರೆ ಅವಳಿಗೆ ಬದುಕುವ ಮನಸ್ಸು ಬಂದಿದೆ ಎಂದು ನಾನು ನಂಬುತ್ತೇನೆ," ಎಂದು ಹೋದರು. ಅಲಿಯಬ್ಬರು ನಸುಕಿನ ನಮಾಜು ಮುಗಿಸಿದ ಕೂಡಲೇ ಅವಳ ಬಾಗಿಲಲ್ಲಿ ಕಿವಿಯಿಟ್ಟು ಕೂರತೊಡಗಿದರು. ತಾವೇ ಒಂದೆರಡು ಸಲ ಊಳಿಟ್ಟು ತೋರಿಸಿದರೆಂದು ಒಂಟೆ ನೋಡುವವರು ಹೇಳುತ್ತಾರೆ. ಅಲಿಯಬ್ಬರು ಅದನ್ನು ಒಪ್ಪುವುದಿಲ್ಲ, ಅದು ಕೆಮ್ಮು ಎನ್ನುತ್ತಾರೆ.

ಐದನೆಯ ವಾರದ ಒಂದು ಬೆಳಿಗ್ಗೆ ಅವರು ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ಚೀಲ ಇಳಿಸಿಕೊಳ್ಳುತ್ತಿದ್ದರು. ಮೂಡಣ ಬೆಳ್ಳಗಾಗುತ್ತಿತ್ತು. ಆಗ ತೋಟದ ಕಡೆಯಿಂದ, ನೆಲದಡಿಯಿಂದ ಎದ್ದು ಬಂದಂತೆ ಒಂದು ಗುರುಗುಡುವ ಸದ್ದು ಬಂತು. ಬಂದು ದೊಡ್ಡದಾಯಿತು.

ದೂಮಪ್ಪ ಗಾಬರಿಯಿಂದ ಗೇರಿನ ಮೇಲೆ ಕೈಯಿಟ್ಟ. "ಹೋಯ್ತು. ಗೇರ್ ಬಾಕ್ಸ್ ಹೋಯ್ತು."

"ಬಂಡಿ ಆಫ್ ಮಾಡು ದೂಮಪ್ಪ."

ಆಫ್ ಮಾಡಿದರೂ ಸದ್ದು ನಿಲ್ಲಲಿಲ್ಲ. ನಿದ್ದೆಯಲ್ಲಿದ್ದವರೆಲ್ಲ ಎದ್ದು ಕಿಟಕಿಗೆ ಬಂದರು. ತಕರಾರು ತೆಗೆದಿದ್ದ ಇಂಜಿನಿಯರೂ ಬಂದ.

"ನಮ್ಮ ಮದುಮಗಳು," ಎಂದರು ಅಲಿಯಬ್ಬರು.

ದೂಮಪ್ಪ ಸ್ವಲ್ಪ ಹೊತ್ತು ಕೇಳಿದ. "ಮದುಮಗಳ ದನಿಯಾ ಬ್ಯಾರಿಗಳೇ ಇದು? ಗಂಡಿನ ಗತಿ ಏನು ಪಾಪ," ಎಂದ. ಆಮೇಲೆ ಬಸ್ಸು ತಡವಾದರೂ, ಸದ್ದು ನಿಲ್ಲುವತನಕ ಬಂಡಿ ಚಾಲು ಮಾಡಲಿಲ್ಲ.

ಕೊನೆಯ ತೂಕದ ದಿನ ಅರ್ಬಾಬ್ ಕೂಡ ಬಂದು ನಿಂತಿದ್ದರು. ಇಬ್ಬರೂ ಸೇರಿ ತೊಂಬತ್ತಾರು ಕಿಲೋ ಇನ್ನೂರು. ಮದುಮಗಳನ್ನು ಇಳಿಸಿದ ಮೇಲೆ ಅಲಿಯಬ್ಬರು ಉಸಿರು ಬಿಗಿಹಿಡಿದು ನಿಂತರು, ಉಸಿರಿಗೂ ತೂಕವಿದ್ದೀತೆಂದು. ತೊಂಬತ್ತೆರಡು. ಎಲೆ ತಿನ್ನಿಸುವ ಗಡಿಬಿಡಿಯಲ್ಲಿ ಬಸಳೆ ಅವರಿಗೇ ಹತ್ತಿತ್ತು.

"ನಾಲ್ಕು ಕಿಲೋ ಇನ್ನೂರು," ಎಂದು ಡಾಕ್ಟರ್ ಲೈಲಾ ಬರೆದುಕೊಂಡರು. ಮೊದಲ ಬಾರಿಗೆ ನಕ್ಕರು. "ಇವಳು ಹೋಗಬಹುದು. ನೀವು ನಿಮ್ಮ ಡಾಕ್ಟರನ್ನು ನೋಡಿ."

ಪೆಟ್ಟಿಗೆಯೊಳಗೆ ದಾರಿಗೆಂದು ಇಟ್ಟ ಕೊಂಬೆಗಳಲ್ಲಿ ಒಂದು, ಖೈರುನ್ನಿಸಾಳ ಬೋಳು ದಾಸವಾಳದಲ್ಲಿ ಮತ್ತೆ ಚಿಗುರಿದ್ದ ಒಂದೇ ಕೊಂಬೆ. ಮದುಮಗಳು ಹೋಗುವಾಗ ಅಲಿಯಬ್ಬರ ತೋಳಿನಿಂದ ಬಾಲವನ್ನು ಬಿಚ್ಚಿಕೊಂಡು, ತಿರುಗಿ ಕೂಡ ನೋಡದೆ ಆ ಕೊಂಬೆಯ ಕಡೆ ಹೋದಳು. ಅಲಿಯಬ್ಬರಿಗೆ ಒಂದು ಕ್ಷಣ ಕೆಡುಕೆನಿಸಿತು. ಆಮೇಲೆ, ಹಸಿವಾಗಿದೆಯಲ್ಲ, ಅಷ್ಟು ಸಾಕು ಎಂದುಕೊಂಡರು.

ನಾಲ್ಕನೆಯ ದಿನ ನಹ್ಲಾ ಫೋನ್ ಹಿಡಿದು ಓಡಿ ಬಂದಳು. ಡಾಕ್ಟರು ಒಂದು ವಿಡಿಯೋ ಕಳಿಸಿದ್ದರು. ಅಲ್ಲಿನ ಕಾಡಿನಂಚಿನ ಆಶ್ರಯಧಾಮದ ದೊಡ್ಡ ಬಲೆಮನೆ, ಒಳಗೇ ಬೆಳೆದ ಮರ, ಮರದ ತುಂಬ ಎಲೆ. ತುದಿಯಲ್ಲಿ ಒಂದು ಕಪ್ಪು ಚುಕ್ಕೆ, ಬಾಲದಲ್ಲಿ ಜೋತು ತಿನ್ನುತ್ತಿತ್ತು.

"ಉಪ್ಪಾ, ಅವರು ಈಟಿಂಗ್ ಮಾಡ್ತಾ ಇದ್ದಾರೆ," ಎಂದಳು ನಹ್ಲಾ.

ಅಲಿಯಬ್ಬರು ವಿಡಿಯೋವನ್ನು ಐದು ಸಲ ನೋಡಿ, ಬಾಲ್ಕನಿಗೆ ಹೋದರು. ಖೈರುನ್ನಿಸಾ ಬಟ್ಟೆ ಒಣಗಿಸುತ್ತಿದ್ದಳು. ಈಗ ಬೇಕಾದಷ್ಟು ಜಾಗವಿತ್ತು. ಟಬ್ಬು ಬಕೆಟ್ಟುಗಳಲ್ಲಿ ಬರೀ ಕಡ್ಡಿಗಳು ನಿಂತಿದ್ದವು.

"ಉಪಕಾರ ಆಯ್ತು," ಎಂದರು.

"ಎಂತ?"

"ಉಪಕಾರ ಆಯ್ತು ಅಂದೆ. ನಿನ್ನದು."

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ಈ ಮಾತು ಬಳಕೆಯಲ್ಲಿರಲಿಲ್ಲ. ಖೈರುನ್ನಿಸಾ ಒದ್ದೆ ಕೈಯನ್ನು ಅವರ ಹಣೆಗೆ ಇಟ್ಟು ನೋಡಿದಳು. ಜ್ವರವಿರಲಿಲ್ಲ.

"ಬಿಸಿಲಿಗೆ ಹೋಗಬೇಡಿ ಇವತ್ತು," ಎಂದಳು.

ಆದರೆ ಅಲಿಯಬ್ಬರು ಆಗಲೇ ಸ್ಪ್ಯಾನರಿನ ಚೀಲವನ್ನು ಹೆಗಲಿಗೇರಿಸಿದ್ದರು. ಎಲೆ ಕೊಟ್ಟ ಮನೆಗಳ ಪಟ್ಟಿಯನ್ನು ನಹ್ಲಾಳಿಂದ ಇಂಗ್ಲಿಷಿನಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟಿದ್ದರು. ಬೋಳಾದ ಗಿಡ ಮತ್ತೆ ಚಿಗುರಬೇಕಾದರೆ ನೀರು ಬುಡಕ್ಕೇ ಬೀಳಬೇಕು. ಹಳೆಯ ಪೈಪುಗಳಲ್ಲಿ ಎಷ್ಟು ಕಟ್ಟಿಕೊಂಡಿವೆಯೋ, ಎಷ್ಟು ಸರಿದುಹೋಗಿವೆಯೋ ನೋಡಬೇಕಿತ್ತು. ಮೊದಲು ಸಾಲಿಹಾದರ ಮನೆ, ನಾಲ್ಕನೇ ಮಾಳಿಗೆ. ಆ ಕಟ್ಟಡದ ಲಿಫ್ಟ್ ಯಾವಾಗಲೂ ಕೆಟ್ಟಿರುತ್ತದೆ ಎಂಬುದು ಅವರಿಗೆ ಮೆಟ್ಟಿಲ ಬುಡದಲ್ಲಿ ನಿಂತ ಮೇಲೆ ನೆನಪಾಯಿತು.

ಮೇಲೆ ನೋಡಿ "ಯಾ ಅಲ್ಲಾ" ಎಂದರು. ಆಮೇಲೆ ಹತ್ತತೊಡಗಿದರು.